ಆಯುಧಗಳ ಸಾಲಿನಲ್ಲಿ ಕೂತ ಕಂಪ್ಯೂಟರ್

ನಮ್ಮದು ಗಿರಣಿ ಮನೆ. ಕುರುಗೋಡಿನಲ್ಲಿ ಬೀದಿಗೆ ಮುಖ ಮಾಡಿದ ಕೋಣೆಯಲ್ಲಿ ಗಿರಣಿ, ಅದರ ಹಿಂದೆ ನಾವು. ಜೋಳ, ಗೋಧಿ, ಸುಗ್ಗಿ ಬಂತೆಂದರೆ ಮೆಣಸಿನಕಾಯಿ. ಮೋಟಾರು ಶುರುವಾದರೆ ಗೋಡೆಯ ಮೊಳೆಗೆ ನೇತುಹಾಕಿದ ಜರಡಿ ತಾನಾಗಿ ಕುಣಿಯುತ್ತದೆ. ಅಂಥ ಸದ್ದಿನಲ್ಲಿ ನನ್ನ ಮೊಮ್ಮಗಳು ತೊಟ್ಟಿಲಲ್ಲಿ ಕೈಕಾಲು ಚೆಲ್ಲಿ ಮಲಗುತ್ತಿದ್ದಳು. ಹಿಟ್ಟು ಬೀಸಿಸಲು ಬಂದವರು, "ಎಂಥಾ ಗಟ್ಟಿ ಕೂಸು ಬೇ ನಿಮ್ಮದು, ಗಿರಣಿ ಸದ್ದನ್ನ ಜೋಗುಳ ಅಂತ ತಿಳ್ಕೊಂಡೈತಿ" ಎನ್ನುತ್ತಿದ್ದರು. ನಾನು ಉಬ್ಬುತ್ತಿದ್ದೆ. ಅವರು ಹೋದ ಮೇಲೆ ಉಪ್ಪು ಮೆಣಸಿನಕಾಯಿ ನಿವಾಳಿಸಿ ದೃಷ್ಟಿ ತೆಗೆಯುತ್ತಿದ್ದೆ.

ಮೊದಲು ಅನುಮಾನ ಬಂದದ್ದು ಸೊಸೆಗೆ. ಕೂಸಿನ ಬೆನ್ನ ಹಿಂದೆ ಸ್ಟೀಲಿನ ಪರಾತ ಬಿತ್ತು. ಅಡುಗೆಮನೆಯ ಬೆಕ್ಕು ಹಾರಿ ಓಡಿತು. ಕೂಸು ಕುಂತಲ್ಲೇ ಕುಂತು ತನ್ನ ಕಾಲಿನ ಬೆರಳು ಹಿಡಿದು ಆಡುತ್ತಿತ್ತು. ಸೊಸೆ ಪರಾತವನ್ನು ಎತ್ತಿ ಮತ್ತೆ ಕೆಡವಿದಳು. ಆಮೇಲೆ ನನ್ನ ಕಡೆ ನೋಡಿದಳು. ಆ ನೋಟ ಯಾವ ಅಜ್ಜಿಗೂ ಬೇಡ.

ಪರೀಕ್ಷೆ, ಅಲೆದಾಟ, ಕಡೆಗೆ ದೊಡ್ಡಾಸ್ಪತ್ರೆಯಲ್ಲಿ ಆಪರೇಷನ್. ತಲೆಯ ಒಳಗೆ ಒಂದು ಸಣ್ಣ ಯಂತ್ರ ಕೂಡಿಸಿದರು. ಹೊರಗೆ ಕಿವಿಯ ಮೇಲೆ ಇನ್ನೊಂದು, ಅದರಿಂದ ಒಂದು ವೈರು, ವೈರಿನ ತುದಿಗೆ ತಲೆಗೆ ಅಂಟಿಕೊಳ್ಳುವ ಬಿಲ್ಲೆ. ಎಳೆಗೂಸಿನ ತಲೆ ಬೋಳಿಸಿ ಹೊಲಿಗೆ ಹಾಕಿದ್ದನ್ನು ನೋಡಿ ನಾನು ಹೊರಗೆ ಬಂದು ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತಿದ್ದೆ. ಶಿವನೇ, ಇದೊಂದೇ ಸಲ, ಇನ್ನೊಮ್ಮೆ ಈ ತಲೆಗೆ ಕತ್ತಿ ತಾಗಿಸಬೇಡ ಎಂದು ಬೇಡಿಕೊಂಡಿದ್ದೆ.

ಯಂತ್ರ ಕೂಡಿಸಿದ ತಕ್ಷಣ ಮಾತು ಬರುತ್ತದೆ ಎಂದು ನಾನು ತಿಳಿದಿದ್ದೆ. ಹಾಗಲ್ಲವಂತೆ. ಬಳ್ಳಾರಿಯ ಗಾಂಧಿನಗರದಲ್ಲಿ ಮಾತು ಕಲಿಸುವ ಒಬ್ಬ ಮೇಡಂ ಇದ್ದಾರೆ. ವಾರ ವಾರ ಅಲ್ಲಿಗೆ ಬಸ್ಸಿನಲ್ಲಿ ಹೋಗುವುದು, ಬರುವುದು. ಮೊದಲನೇ ದಿನವೇ ಅವರು ನನಗೆ ತಿಳಿಸಿ ಹೇಳಿದರು.

"ಕಿವಿಗೆ ಸದ್ದು ಹೋದ್ರ ಮುಗೀಲಿಲ್ಲ ಅಜ್ಜಿ. ಸದ್ದಿಗೆ ಅರ್ಥ ಹತ್ತಬೇಕು. ಈಗ ನಿಮ್ಮ ಗಿರಣಿನೂ ಈಕಿಗೆ ಸದ್ದೇ, ನಿಮ್ಮ ಮಾತೂ ಸದ್ದೇ. ಬೇರೆ ಸದ್ದು ಇಲ್ಲದಾಗ, ಅದೇ ಮುಖ, ಅದೇ ಮಾತು, ಬಾಯಿ ಚಂದಾಗಿ ಕಾಣೂ ಹಂಗ, ದಿನಾ ಕೇಳಸ್ರಿ."

ನಮ್ಮ ಮನೆಯಲ್ಲಿ ಅದು ಸುಲಭವೇ? ಗಿರಣಿ ನಡೆಯುವಾಗ ಮಾತಿಲ್ಲ, ಬರೀ ಕೂಗು. ಅಜ್ಜನಿಗೆ, ಅಂದರೆ ನಮ್ಮ ಯಜಮಾನರಿಗೆ, ಗಿರಣಿಯಲ್ಲೇ ವಯಸ್ಸಾಗಿ ಅರ್ಧ ಕಿವುಡು. ಮಗ ಲಾರಿ ಓಡಿಸುತ್ತಾನೆ. ಸಿರುಗುಪ್ಪದಲ್ಲಿ ಅಕ್ಕಿ ತುಂಬಿಕೊಂಡು ಹೊರಟರೆ ಅವನ ಮುಖ ಕೂಸಿಗೆ ಕಾಣುವುದು ಯಾವಾಗಲೋ. ಸೊಸೆ ಎಲ್ಲರ ಮಾತನ್ನೂ ಮೊಬೈಲಿನಲ್ಲಿ ಹಿಡಿದಿಟ್ಟು ತೋರಿಸಲು ನೋಡಿದಳು. ಕೂಸು ಮೊಬೈಲನ್ನು ಕಸಿದುಕೊಂಡು ಒತ್ತಿ ಒತ್ತಿ ಬೇರೆ ಏನೋ ತೆಗೆಯುತ್ತಿತ್ತು. ಯಾವುದೋ ಕುಣಿತ, ಯಾವುದೋ ಸೋಪಿನ ಜಾಹೀರಾತು. ಅಜ್ಜಿಯ ಮುಖಕ್ಕಿಂತ ಸೋಪಿನ ನೊರೆ ಚಂದ ಕಾಣುವುದು ಸಹಜವೇ.

ಸೊಸೆ ಮದುವೆಗೆ ಮುಂಚೆ ಸಿರುಗುಪ್ಪದ ಅಕ್ಕಿ ಮಿಲ್ಲೊಂದರಲ್ಲಿ ಕಂಪ್ಯೂಟರ್ ಮುಂದೆ ಕೂತು ಬಿಲ್ಲು ಮಾಡುತ್ತಿದ್ದವಳು. ಒಂದು ದಿನ ಬಳ್ಳಾರಿಗೆ ಹೋದವಳು ಕೌಲ್ ಬಜಾರಿನಿಂದ ಒಂದು ಹಳೆಯ ಕಂಪ್ಯೂಟರನ್ನು ಆಟೋದಲ್ಲಿ, ಬಸ್ಸಿನಲ್ಲಿ, ತೊಡೆಯ ಮೇಲೆ ಇಟ್ಟುಕೊಂಡು ತಂದಳು. ಯಾವುದೋ ಆಫೀಸಿನವರು ತೆಗೆದು ಹಾಕಿದ ಕರಿಯ ಡಬ್ಬಿ. ಪರದೆ ಇಲ್ಲ, ಏನಿಲ್ಲ. ಅದನ್ನು ದೇವರ ಜಗಲಿಯ ಪಕ್ಕ ಇಟ್ಟು, ವಾರಗಟ್ಟಲೆ ಮೊಬೈಲಿನಲ್ಲಿ ಓದುತ್ತ, ಒತ್ತುತ್ತ, ತಪ್ಪಿ, ಮತ್ತೆ ಮಾಡಿ, ಏನೋ ಒಂದು ಸಾಫ್ಟ್‌ವೇರ್ ಹಾಕಿದಳು. ಆಮೇಲೆ ಎಲ್ಲರ ವಿಡಿಯೋ ಆ ಡಬ್ಬಿಯೊಳಗೆ. ಮೊಬೈಲಿನಲ್ಲಿ ಬೇಕಾದ್ದನ್ನು ಆರಿಸಿ ಒತ್ತಿದರೆ ಸಾಕು, ಡಬ್ಬಿಯಿಂದ ಹೊರಟು ಟಿವಿಯ ಮೇಲೆ ದೊಡ್ಡದಾಗಿ ಬರುತ್ತಿತ್ತು. ಇಂಟರ್ನೆಟ್ ಹೋದರೂ ಅದು ನಿಲ್ಲುತ್ತಿರಲಿಲ್ಲ.

"ಈ ಸಾಫ್ಟ್‌ವೇರ್ ಅಂತೀಯಲ್ಲ, ಅದು ಯಾರದವ್ವಾ?" ಎಂದು ಕೇಳಿದೆ.

"ಯಾರದೂ ಅಲ್ಲ ಅತ್ತಿ, ಎಲ್ಲಾರದೂ. ಊರ ಬಾವಿ ಇದ್ದಂಗ. ಹಗ್ಗ ನಮ್ಮದು, ಕೊಡ ನಮ್ಮದು, ಸೇದಿಕೊಳ್ಳೋದು."

"ಬಾವಿ ತೋಡಿದವ್ರು?"

"ಎಲ್ಲೆಲ್ಲಿಯವ್ರೋ. ತೋಡಿ, ಎಲ್ಲಾರೂ ನೀರು ತಗೋರಿ ಅಂತ ಬಿಟ್ಟಾರ. ಒಳಗ ಏನೈತಿ ಅಂತ ಇಣಿಕಿ ನೋಡಾಕೂ ಬಿಟ್ಟಾರ. ಆದ್ರ ನಮ್ಮ ಕೂಸಿನ ಮುಖ, ನಿಮ್ಮ ಮುಖ ಇದೇ ಡಬ್ಬಿಯಾಗ ಇರ್ತಾವ. ನಮ್ಮ ಗ್ವಾಡಿ ದಾಟಿ ಹೋಗಂಗಿಲ್ಲ."

ಈ ಕೊನೆಯ ಮಾತು ನನಗೆ ಹಿಡಿಸಿತು. ಹುಷಾರಿಲ್ಲದ ಕೂಸನ್ನು ಹತ್ತು ಕಣ್ಣಿಗೆ ತೋರಿಸಬಾರದು.

ನನ್ನ ವಿಡಿಯೋ ಹಿಡಿಯುವ ದಿನ ನಾನು ಹೊಸ ಇಳಕಲ್ ಸೀರೆ ಉಟ್ಟು, ಫೋಟೋಕ್ಕೆ ನಿಂತಂತೆ ಕೈ ಕಟ್ಟಿ ನಿಂತೆ. "ಬಾ" ಎನ್ನಬೇಕು, "ನೀರು" ಎನ್ನಬೇಕು, ನೀರಿನ ಲೋಟ ತೋರಿಸಬೇಕು. ನನಗೆ ನಗು ಬಂತು. ನಗು ಬಂದರೆ ಸೆರಗು ತಾನೇ ಬಾಯಿಗೆ ಹೋಗುತ್ತದೆ, ಅದು ನನ್ನ ಅತ್ತೆ ಕಲಿಸಿದ ಪಾಠ.

"ಅತ್ತಿ, ಸೆರಗು ತೆಗೀರಿ. ಬಾಯಿ ಕಾಣಬೇಕು."

"ನಿಮ್ಮ ಮಾವಾರು ಅಲ್ಲೇ ನಿಂತಾರಲ್ಲವ್ವಾ."

"ಇಷ್ಟು ವರ್ಷ ಆದ ಮ್ಯಾಲ ನಿಮ್ಮ ಬಾಯಿ ನೋಡಿದ್ರ ಅವ್ರು ಹೆದರಂಗಿಲ್ಲ ಬಿಡ್ರಿ."

ಯಜಮಾನರ ಸರದಿ ಬಂದಾಗ ಅವರು "ಕೂಸೇ, ಬಾ!" ಎಂದು ಗಿರಣಿಯ ಅಭ್ಯಾಸದಲ್ಲಿ ಗರ್ಜಿಸಿದರು. ಬೀದಿಯಲ್ಲಿ ಹೋಗುತ್ತಿದ್ದವರು ಇಣುಕಿ, "ಯಾಕ್ರೀ, ಏನಾತು?" ಎಂದು ಕೇಳಿದರು. ಮಗ ಲಾರಿಯ ಕ್ಯಾಬಿನ್ನಿನಿಂದ ಕಳಿಸಿದ. ಸ್ಟೇರಿಂಗ್ ತೋರಿಸಿ "ಅಪ್ಪ, ಲಾರಿ" ಎಂದ. ಮುಂದೆ ಹೇಳಲಾಗದೆ ಕಿಟಕಿಯ ಕಡೆ ಮುಖ ತಿರುಗಿಸಿದ. ಆ ಭಾಗವನ್ನು ಸೊಸೆ ಕತ್ತರಿಸಲಿಲ್ಲ.

ದಿನಾ ಸಂಜೆ ಗಿರಣಿ ನಿಂತ ಮೇಲೆ ಟಿವಿಯ ಮುಂದೆ ಚಾಪೆ. ಕೂಸು ನಮ್ಮನ್ನೇ ನೋಡುತ್ತ ಕೂರುತ್ತಿತ್ತು. ಟಿವಿಯೊಳಗಿನ ಅಜ್ಜಿಯನ್ನು ನೋಡಿ, ಹಿಂದೆ ಕೂತ ಅಜ್ಜಿಯನ್ನು ತಿರುಗಿ ನೋಡುತ್ತಿತ್ತು. ಟಿವಿಯ ಅಂಚಿಗೆ ಕೆನ್ನೆ ಹಚ್ಚಿ ನಿಲ್ಲುತ್ತಿತ್ತು. ಆದರೆ ಬಾಯಿ ಬಿಡಲಿಲ್ಲ. ಒಂದು "ಬಾ" ಇಲ್ಲ, ಒಂದು "ಅ" ಇಲ್ಲ. ಬೇಕಾದ್ದನ್ನು ಕೈ ಹಿಡಿದು ಎಳೆದು ತೋರಿಸುತ್ತಿತ್ತು. ಓಣಿಯ ಒಬ್ಬಾಕೆ ಹಿಟ್ಟಿನ ಡಬ್ಬಿ ತಲೆಯ ಮೇಲೆ ಇಟ್ಟುಕೊಳ್ಳುತ್ತ, "ಇಷ್ಟು ಕಲಿಸಿದ್ರ ಗಿಣಿ ಆದ್ರೂ ಮಾತಾಡ್ತಿತ್ತು ಬಿಡವಾ" ಎಂದಳು. ನಾನು ಅವಳ ಡಬ್ಬಿಗೆ ಕೈ ಕೊಡಲಿಲ್ಲ.

ಆಮೇಲೆ ಮೇಡಂ ಆ ಮಾತು ಹೇಳಿದರು. ದಸರೆಗೆ ಮುಂಚಿನ ಭೇಟಿಯಲ್ಲಿ, ಕೂಸನ್ನು ಆಡಲು ಬಿಟ್ಟು, ದನಿ ತಗ್ಗಿಸಿ.

"ಇಷ್ಟೊತ್ತಿಗೆ ಏನಾದ್ರೂ ಒಂದು ಬರಬೇಕಿತ್ತು. ಹಬ್ಬ ಮುಗಿಸಿಕೊಂಡು ಬರ್ರಿ, ಇನ್ನೊಮ್ಮೆ ನೋಡೋಣ. ಆಗಲೂ ಏನೂ ಇಲ್ಲಾಂದ್ರ ದೊಡ್ಡಾಸ್ಪತ್ರೆಗೆ ಬರೆದು ಕೊಡ್ತೀನಿ. ಒಳಗಿನ ಯಂತ್ರ ಸರಿ ಐತೋ ಇಲ್ಲೋ ಅವರು ನೋಡಬೇಕು."

"ಸರಿ ಇಲ್ಲಾಂದ್ರ?" ಸೊಸೆ ಕೇಳಿದಳು.

"ತೆಗೆದು ಬ್ಯಾರೆ ಹಾಕಬೇಕಾಗ್ತೈತಿ."

ತೆಗೆದು ಬೇರೆ ಹಾಕುವುದು. ಮೆಣಸಿನಕಾಯಿ ಗಿರಣಿಯ ಕಲ್ಲು ತೆಗೆದು ಬೇರೆ ಹಾಕಿದಂತೆ ಹೇಳಿದರು. ಪಾಪ, ಅವರಾದರೂ ಬೇರೆ ಹೇಗೆ ಹೇಳಬೇಕು. ಬಸ್ಸಿನಲ್ಲಿ ಬರುವಾಗ ಕೂಸು ನನ್ನ ತೊಡೆಯ ಮೇಲೆ ನಿದ್ದೆ ಹೋಗಿತ್ತು. ಕೂದಲು ಆಗ ತಾನೇ ಚಂದವಾಗಿ ಬೆಳೆದಿತ್ತು. ಕಿವಿಯ ಹಿಂದಿನ ಹೊಲಿಗೆಯ ಗುರುತಿನ ಮೇಲೆ ಬೆರಳು ಆಡಿಸುತ್ತ ಕುರುಗೋಡಿನವರೆಗೆ ಬಂದೆ. ಸೊಸೆ ಮನೆಗೆ ಬಂದವಳೇ ಡಬ್ಬಿಯ ಮುಂದೆ ಕೂತು ಇನ್ನಷ್ಟು ವಿಡಿಯೋ ಹಾಕಿದಳು. ಮೊಬೈಲಿನಲ್ಲಿ ಜಾಗ ಇಲ್ಲದ್ದಕ್ಕೆ ಅಲ್ಲಿದ್ದವನ್ನು ಅಳಿಸಿದಳು. ಎಲ್ಲವೂ ಆ ಒಂದು ಡಬ್ಬಿಯಲ್ಲಿ.

ಆಯುಧ ಪೂಜೆ ಬಂತು. ಗಿರಣಿಯವರಿಗೆ ಅದಕ್ಕಿಂತ ದೊಡ್ಡ ಹಬ್ಬ ಇಲ್ಲ. ಹಿಂದಿನ ದಿನವೇ ಬೆಲ್ಟು ಬಿಚ್ಚಿ, ಮೋಟಾರು ಒರೆಸಿ, ಕಲ್ಲುಗಳಿಗೆ ಎಣ್ಣೆ ಸವರಿ ಆಗಿರುತ್ತದೆ. ಪೂಜೆಯ ದಿನ ಮುಂಜಾನೆ ಮೇನ್ ಸ್ವಿಚ್ ಎಳೆದು, ತಕ್ಕಡಿ, ಕಲ್ಲು ಕೊರೆಯುವ ಉಳಿ, ಸುತ್ತಿಗೆ, ಸ್ಪಾನರು, ಕುಡುಗೋಲು ಎಲ್ಲ ತೊಳೆದು ಸಾಲಾಗಿ ಮಣೆಯ ಮೇಲೆ ಇಟ್ಟು ವಿಭೂತಿ ಬಳಿಯುವುದು. ಪೂಜೆಗೆ ಕೂತ ಆಯುಧವನ್ನು ಮರುದಿನ ಬೆಳಗಿನವರೆಗೆ ಯಾರೂ ಮುಟ್ಟುವಂತಿಲ್ಲ. ಈರುಳ್ಳಿ ಹೆಚ್ಚುವ ಈಳಿಗೆಯೂ ಸಾಲಿಗೆ ಹೋಗುವುದರಿಂದ ನಾನು ಹಿಂದಿನ ದಿನವೇ ಹೆಚ್ಚಿಟ್ಟುಕೊಳ್ಳುತ್ತೇನೆ.

ನಾನು ಒಳಗೆ ಹೋಳಿಗೆಯ ಹೂರಣ ಅರೆಯುತ್ತಿದ್ದೆ. ಸೊಸೆ ಕೂಸನ್ನು ಎತ್ತಿಕೊಂಡು ಹೂವು ತರಲು ಪೇಟೆಗೆ ಹೋಗಿದ್ದಳು. ಕಾಯಿ ಒಡೆದ ಸದ್ದು ಕೇಳಿತು, ಗಂಟೆ ಬಾರಿಸಿದ್ದು ಕೇಳಿತು. ಆರತಿ ತಗೊಳ್ಳಲು ಕೈ ಒರೆಸಿಕೊಂಡು ಹೊರಗೆ ಬಂದೆ. ಮಣೆಯ ಮಧ್ಯದಲ್ಲಿ, ಉಳಿಗೂ ಸುತ್ತಿಗೆಗೂ ನಡುವೆ, ಸೊಸೆಯ ಕರಿಯ ಡಬ್ಬಿ ಕೂತಿತ್ತು. ಮೂರು ಬೆರಳ ವಿಭೂತಿ, ನಡುವೆ ಕುಂಕುಮ. ಗಾಳಿ ಆಡಲು ಪಕ್ಕದಲ್ಲಿ ಇರುವ ಜಾಲರಿಯ ತೂತುಗಳಿಗೆ ಒಂದೊಂದಾಗಿ ಸೇವಂತಿಗೆಯ ಎಸಳು ಸಿಗಿಸಿದ್ದರು. ಅದರ ಮುಂದೆಯೇ ಕಲ್ಲು, ಕಲ್ಲಿನ ಮೇಲೆ ಒಡೆದ ಕಾಯಿ. ಕಾಯಿಯ ನೀರು ಡಬ್ಬಿಯ ಮೈಮೇಲಿಂದ ಇಳಿಯುತ್ತಿತ್ತು.

ಆ ಹೊತ್ತಿಗೆ ಸೊಸೆ ಬಾಗಿಲಲ್ಲಿ. ಕೈಯಲ್ಲಿ ಹೂವು, ಸೊಂಟದಲ್ಲಿ ಕೂಸು.

"ಮಾವಾ, ಇದನ್ನ ಯಾರು ತೆಗೆದ್ರು?"

"ನಾನ ತೆಗೆದೆನವ್ವಾ!" ಯಜಮಾನರ ಮುಖ ಅರಳಿತ್ತು. "ಮನಿಗೆ ಅನ್ನ ಹಾಕೂ ಗಿರಣಿಗೆ ಪೂಜಿ ಮಾಡ್ತೀನಿ. ನನ್ನ ಮೊಮ್ಮಗಳಿಗೆ ಮಾತು ಹಾಕೂ ಮಶೀನಿಗೆ ಮಾಡಬಾರದೇನು? ಅದಕ್ಕೇ ಮೊದಲ ಕಾಯಿ."

"ಅದನ್ನ ಆರಸಾಕ ಒಂದು ಪದ್ಧತಿ ಐತಿ ಮಾವಾ..."

"ವೈರು ಎಳೆದೆ, ಆರಿತು."

ಅವಳು ಕೂಸನ್ನು ನನ್ನ ಕೈಗೆ ಕೊಟ್ಟು ಡಬ್ಬಿಯ ಕಡೆ ಬಗ್ಗಿದಳು. "ನೀರು ಒಳಗ ಹೋಗ್ಯಾವು. ಮುಚ್ಚಳ ಬಿಚ್ಚಿ ಒರಸ್ತೀನಿ, ಒಂದು ಗಳಿಗಿ."

"ಏ, ಏ, ಮುಟ್ಟಬ್ಯಾಡ! ಪೂಜಿಗೆ ಕುಂತಿದ್ದನ್ನ ಎಬ್ಬಸಬಾರದವ್ವಾ. ನಾಳಿ ಮುಂಜಾನಿ ಬನ್ನಿ ಕೊಟ್ಟು ಎಬ್ಬಸೋಣು. ಕಾಯಿನೀರು ಅವು, ಏನಾಗತೈತಿ? ಪವಿತ್ರ."

ಅವಳ ಕೈ ಅಲ್ಲೇ ಗಾಳಿಯಲ್ಲಿ ನಿಂತಿತು. ನನ್ನ ಕಡೆ ನೋಡಿದಳು. ಒಂದು ಕಡೆ ಅವರ ಭಕ್ತಿ. ಆ ಭಕ್ತಿಯಲ್ಲಿ ಕಪಟ ಒಂದು ಚಿಟಿಕೆ ಇರಲಿಲ್ಲ. ಇನ್ನೊಂದು ಕಡೆ ಈ ಹೆಣ್ಣುಮಗಳು ಕಣ್ಣು ಕೆಂಪಾಗುವವರೆಗೆ ಕೂತು ಕೂಡಿಸಿದ್ದು. ಅದಕ್ಕಿಂತ ಹೆಚ್ಚಾಗಿ, ಪೂಜೆಗೆ ಕೂತದ್ದನ್ನು ಎಬ್ಬಿಸಿ, ಅದರ ದೋಷ ಕೂಸಿನ ತಲೆಗೆ ಬಂದರೆ? ಮತ್ತೆ ಕತ್ತಿ ಎಂದರೆ? ನಾನು "ಒಂದು ದಿನ ತಡಕೋ ತಾಯಿ" ಎಂದೆ. ಅವಳು ತಡಕೊಂಡಳು. ಆ ದಿನದ ಹೋಳಿಗೆಯನ್ನು ನಾನೂ ಸೊಸೆಯೂ ಅರ್ಧಕ್ಕೇ ಬಿಟ್ಟೆವು. ಯಜಮಾನರೊಬ್ಬರೇ ಎರಡು ಹೆಚ್ಚಿಗೆ ತಿಂದರು.

ಸಂಜೆ ಕೂಸು ತಾನೇ ಚಾಪೆ ಎಳೆದು ತಂದು ಟಿವಿಯ ಮುಂದೆ ಹಾಸಿ ಕೂತಿತು. ಟಿವಿ ಕಪ್ಪು. ನಮ್ಮನ್ನು ನೋಡಿತು, ಟಿವಿಯನ್ನು ನೋಡಿತು. ಬಹಳ ಹೊತ್ತು ಕೂತು, ಕೂತಲ್ಲೇ ಒರಗಿತು.

ಮರುದಿನ ವಿಜಯದಶಮಿ. ಬನ್ನಿ ಎಲೆಯನ್ನು ಡಬ್ಬಿಯ ಮೇಲೆ ಇಟ್ಟು ಯಜಮಾನರು, "ಬನ್ನಿ ತಗೊಂಡು ಬಂಗಾರದಂಗ ಇರೋಣಪಾ" ಎಂದು ಅದಕ್ಕೂ ಕೈ ಮುಗಿದರು. ಸೊಸೆ ಮುಚ್ಚಳ ಬಿಚ್ಚಿ, ಎಸಳು ತೆಗೆದು, ಒಳಗೆಲ್ಲ ಒರೆಸಿದಳು. ಒಳಗಿನಿಂದ ಹಳಸಿದ ಕಾಯಿಯ ವಾಸನೆ. ಫ್ಯಾನಿನ ಕೆಳಗೆ ಬಹಳ ಹೊತ್ತು ಒಣಗಿಸಿದಳು. ಆಮೇಲೆ ವೈರು ಸಿಗಿಸಿ, ಗುಂಡಿ ಒತ್ತಿದಳು.

ಏನೂ ಇಲ್ಲ. ಹಸಿರು ದೀಪ ಬರಲಿಲ್ಲ. ಇನ್ನೊಮ್ಮೆ ಒತ್ತಿದಳು. ಒಳಗೆಲ್ಲೋ ಚಟ್ ಎಂದಿತು, ಸುಟ್ಟ ವಾಸನೆ ಬಂತು, ಮನೆಯ ಕರೆಂಟೂ ಹೋಯಿತು. ಫ್ಯೂಜು ಕಟ್ಟಿದ ಮೇಲೆ ಕರೆಂಟು ಬಂತು, ಡಬ್ಬಿ ಮಾತ್ರ ಏಳಲಿಲ್ಲ.

ಅವಳು ಅಳುತ್ತಾಳೆ ಎಂದುಕೊಂಡೆ. ಅಳಲಿಲ್ಲ, ಸಿರುಗುಪ್ಪಕ್ಕೆ ತನ್ನ ತಾಯಿಗೆ ಫೋನ್ ಹಚ್ಚಿದಳು. ಒಮ್ಮೆ ತವರಿಗೆ ಹೋದಾಗ ಎಲ್ಲ ವಿಡಿಯೋಗಳನ್ನು ಒಂದು ಪೆನ್‌ಡ್ರೈವಿಗೆ ಹಾಕಿ ಅಲ್ಲಿಯ ಟಿವಿಗೆ ಸಿಗಿಸಿ ಬಂದಿದ್ದಳು. ಅದೊಂದೇ ನಕಲು. ಸ್ಪೀಕರಿನಲ್ಲಿ ಬೀಗತಿಯ ದನಿ ನನಗೂ ಕೇಳಿಸುತ್ತಿತ್ತು.

"ಐತವ್ವಾ, ಭದ್ರ ಐತಿ. ಈಗೂ ಹಾಡಾಕತ್ತೈತಿ ನೋಡು."

"ಹಾಡಾಕತ್ತೈತಾ?"

"ನಿಮ್ಮಪ್ಪಗ ಭಜನಿ ಪದ ಬೇಕಾಗಿದ್ವು. ಅಂಗಡಿಯಾಂವ ಜಾಗ ಸಾಲಂಗಿಲ್ಲ ಅಂದ. ಇದ್ದದ್ದನ್ನ ಅಳಸಿ ತುಂಬಿ ಕೊಟ್ಟ. ಯಾಕವಾ?"

"ಏನಿಲ್ಲ ಬಿಡವಾ" ಎಂದು ಸೊಸೆ ಫೋನಿಟ್ಟಳು. ಹಿಂದೆ ತಾಳದ ಸದ್ದು ಕೇಳುತ್ತಲೇ ಇತ್ತು.

ಇಷ್ಟೆಲ್ಲ ಆಗುವಾಗ ಯಜಮಾನರು ಗಿರಣಿಯ ಹೊಸ್ತಿಲ ಮೇಲೆ ಕೂತಿದ್ದರು. ಏನಾಯಿತೆಂದು ಅವರಿಗೆ ಯಾರೂ ಬಿಡಿಸಿ ಹೇಳಲಿಲ್ಲ, ಹೇಳುವ ಅಗತ್ಯವೂ ಇರಲಿಲ್ಲ. ಎದ್ದು ಬಂದರು. ಡಬ್ಬಿಯನ್ನು ಒಂದು ಒಗೆದ ಜೋಳದ ಚೀಲದಲ್ಲಿ ಇಟ್ಟು, ಎಳೆಗೂಸನ್ನು ಹಿಡಿದಂತೆ ಎದೆಗೆ ಹಿಡಿದು, "ಬಳ್ಳಾರಿಗೆ ಹೋಗಿ ಬರ್ತೀನಿ. ತಂದ ಅಂಗಡಿ ಎಲ್ಲೈತಿ ಹೇಳವ್ವಾ" ಎಂದರು. ಹಬ್ಬದ ದಿನ ಎಲ್ಲಿ ಅಂಗಡಿ ತೆರೆದಿರುತ್ತದೆ ಎಂದು ನಾನು ಕೂಗಿದೆ. ಕೇಳಿಸಿತೋ ಇಲ್ಲವೋ, ಹೊರಟೇಬಿಟ್ಟರು.

ಮರುದಿನ ಗಾಂಧಿನಗರದ ಭೇಟಿ. ಕೈಯಲ್ಲಿ ಉಳಿದದ್ದು ಆ ಒಂದು ಸಂಜೆ, ಅದರಲ್ಲಿ ಟಿವಿಗೆ ಹಾಕಲು ಒಂದು ವಿಡಿಯೋವೂ ಇಲ್ಲ. ನಾವಿಬ್ಬರೂ ಕೂಸನ್ನು ಎದುರಿಗೆ ಕೂಡಿಸಿಕೊಂಡು "ಬಾ" ಎಂದೆವು, "ನೀರು" ಎಂದೆವು. ನನ್ನ ದನಿಯಲ್ಲಿ ಹೆದರಿಕೆ ಇತ್ತು. ಕೂಸು ನನ್ನ ಬಾಯಿ ನೋಡುವುದು ಬಿಟ್ಟು ಕಣ್ಣು ನೋಡಿತು, ಎದ್ದು ಹೋಯಿತು. ಟಿವಿಯ ಮುಂದೆ ನಿಂತು ಅಂಗೈಯಿಂದ ಅದನ್ನು ತಟ್ಟಿತು. ಸೊಸೆ ಗೋಡೆಗೆ ತಲೆ ಆನಿಸಿ ಕಣ್ಣು ಮುಚ್ಚಿದ್ದಳು.

"ಅಚ್ಚು."

ನಾನು ಗಿರಣಿಯಲ್ಲಿ ಇಲಿ ಏನೋ ಕೆಡವಿತು ಎಂದುಕೊಂಡೆ. ಸೊಸೆ ಕಣ್ಣು ಬಿಟ್ಟಳು.

"ಅತ್ತಿ, ನೀವು ಏನರ ಅಂದ್ರಾ?"

"ಇಲ್ಲವ್ವಾ."

ಕೂಸು ನಮ್ಮ ಕಡೆ ತಿರುಗಿತು. ಮುಖ ಸಿಟ್ಟಿನಿಂದ ಕೆಂಪಾಗಿತ್ತು. ಟಿವಿಯ ಮೇಲೆ ಇನ್ನೊಂದು ಏಟು ಹಾಕಿ, "ಅಚ್ಚು!" ಎಂದಿತು.

ಹಚ್ಚು. ಟಿವಿ ಹಚ್ಚು! ನಾವು ಹಿಡಿದಿಟ್ಟ ಯಾವ ವಿಡಿಯೋದಲ್ಲೂ ಇಲ್ಲದ ಮಾತು. ಯಾರೂ ಕಲಿಸಿರಲಿಲ್ಲ. ಸಂಜೆ ಚಾಪೆ ಹಾಸಿ ನಾನು "ಹಚ್ಚವಾ" ಎಂದು ಸೊಸೆಗೆ ಹೇಳುತ್ತಿದ್ದೆ, ಯಜಮಾನರು ಗಿರಣಿಯಲ್ಲಿ ಮೋಟಾರಿಗೆ "ಹಚ್ಚು" ಎಂದು ಕೂಗುತ್ತಿದ್ದರು. ಅದಾದ ತಕ್ಷಣ ಏನಾದರೊಂದು ಶುರುವಾಗುತ್ತದೆ ಎಂಬುದನ್ನು ಈ ಕೂಸು ತನ್ನಷ್ಟಕ್ಕೆ ಕೂತು ಕೇಳಿಸಿಕೊಂಡಿತ್ತು!

ನಾನು ಎದ್ದು ಓಡಬೇಕು, ಎತ್ತಿಕೊಳ್ಳಬೇಕು. ಸೊಸೆ ನನ್ನ ಮೊಣಕಾಲು ಒತ್ತಿ ಹಿಡಿದಳು. ಉಸಿರಿನಲ್ಲೇ, "ಏಳಬ್ಯಾಡ್ರಿ ಅತ್ತಿ. ಇನ್ನೊಮ್ಮೆ ಬರಲಿ. ಖರೇ ಮಾತೋ, ಸುಮ್ಮನ ಸದ್ದೋ, ನೋಡೋಣು" ಎಂದಳು. ಅವಳ ಉಗುರು ನನ್ನ ಚರ್ಮಕ್ಕೆ ಇಳಿದಿತ್ತು. ಇಬ್ಬರೂ ಕಲ್ಲಾಗಿ ಕೂತೆವು. ಕೂಸು ಬಂದು ಅವಳ ಕೈಗೆ ರಿಮೋಟು ತುರುಕಿತು. "ಅಚ್ಚು." ಸೊಸೆ ಒತ್ತಿದಳು. ಟಿವಿ ಹತ್ತಿತು, ಆದರೆ ಬರೀ ನೀಲಿ ಪರದೆ. ಕೂಸು ನೀಲಿಯನ್ನು ನೋಡಿತು, ಅವ್ವನನ್ನು ನೋಡಿತು. ಇದಲ್ಲ ಎಂಬಂತೆ ತಲೆ ಅಲ್ಲಾಡಿಸಿ, "ಅಚ್ಚೂ!" ಎಂದು ಕಿರುಚಿ ಅತ್ತುಬಿಟ್ಟಿತು. ಅದರ ಜೊತೆ ನಾವೂ.

ಯಜಮಾನರಿಗೆ ಫೋನ್ ಹಚ್ಚಿದರೆ ಅವರು ಕೌಲ್ ಬಜಾರಿನ ಗದ್ದಲದಲ್ಲಿ.

"ಕೂಸು ಮಾತಾಡೇತ್ರೀ!"

"ಅಂಗಡಿ ಮುಚ್ಚೈತಿ! ಅಂಗಡಿ ಸಾಬರ ಮನಿಗೇ ಬಂದೀನಿ! 'ನಮ್ಮ ಹುಡುಗರೂ ಸ್ಕ್ರೂಡ್ರೈವರಿಗೆ ಪೂಜಿ ಮಾಡಿ ಕುಂದ್ರಿಸ್ಯಾರ ಅಜ್ಜಾ, ಪಗಾರ ತಡ ಆದ್ರ ಸುಮ್ಮನಿರ್ತಾರ, ಅದನ್ನ ಮುಟ್ಟಿದ್ರ ಬಿಡಂಗಿಲ್ಲ, ನಾಳಿ ಎಬ್ಬಸ್ತೀನಿ' ಅಂತಾರ! ಡಬ್ಬಿ ಇಲ್ಲೇ ಬಿಟ್ಟು ಬರ್ಲ್ಯಾ?"

"ಕೂಸು ಮಾತಾಡೇತಿ ಅಂದೆನ್ರೀ!"

ಅವರು, "ಇನ್ನೊಮ್ಮೆ ಅನ್ನು" ಎಂದರು. ಇನ್ನೊಮ್ಮೆ ಅಂದೆ. "ಇನ್ನೊಮ್ಮೆ ಅನ್ನು." ಅವರಿಗೆ ಮೊದಲ ಸಲವೇ ಕೇಳಿಸಿತ್ತು ಎಂದು ನನಗೆ ಗೊತ್ತಾಯಿತು.

ಆದರೆ ನಮಗೆ ಕೇಳಿದರೆ ಆಯಿತೇ, ಮೇಡಂ ಕೇಳಬೇಕಲ್ಲ. ಮರುದಿನ ಯಜಮಾನರು ಕೌಲ್ ಬಜಾರಿಗೆ, ನಾವು ಮೂವರು ಗಾಂಧಿನಗರಕ್ಕೆ. ಬಸ್ಸಿನಲ್ಲಿ ಕೂಸು ಒಂದು ಸದ್ದೂ ಮಾಡಲಿಲ್ಲ. ಮೇಡಮ್ಮಿನ ಕೋಣೆಯಲ್ಲೂ ಅಷ್ಟೇ. ಅವರು ಎಂದಿನಂತೆ ಬಾಗಿಲು ಕಿಟಕಿ ಮುಚ್ಚಿ, ಬೇರೆ ಸದ್ದು ಇರಬಾರದೆಂದು ಫ್ಯಾನ್ ಆರಿಸಿ, ಕೂಸಿನ ಎದುರು ಕೂತರು. ಸೊಸೆ ನಡೆದದ್ದನ್ನೆಲ್ಲ ಹೇಳಿದಳು. ಮೇಡಂ ಕೇಳಿ, "ನೀವು ಸುಳ್ಳು ಹೇಳಂಗಿಲ್ಲ. ಆದ್ರ ತಾಯಿ ಕಿವಿಗೆ ಏನೇನೋ ಕೇಳಿಸ್ತೈತಿ. ನಾ ಕೇಳದ ಹೊರತು ನಂಬಂಗಿಲ್ಲ" ಎಂದರು. ನಿಜವೇ. ಅವರ ಕೆಲಸವೇ ಅದು.

ಡೋಲು ಬಾರಿಸಿದರು, ತಿರುಗಿ ನೋಡಿತು. ಗೊಂಬೆ ಕೊಟ್ಟರು, ತಗೊಂಡಿತು. "ಬಾ" ಎಂದರು, ಸುಮ್ಮನೆ ಕೂತಿತು. ನಾನು ಸೊಸೆಯ ಕಡೆ ನೋಡಲಿಲ್ಲ. ಆಸ್ಪತ್ರೆಗೆ ಬರೆದು ಕೊಡುವ ಹಾಳೆ ಮೇಜಿನ ಮೇಲೆ ಇತ್ತು, ಪೆನ್ನು ಅದರ ಮೇಲೆ. ನಮ್ಮ ಬಳ್ಳಾರಿಯ ಸೆಕೆ ನಿಮಗೆ ಗೊತ್ತಲ್ಲ, ದಸರೆ ಬಂದರೂ ಅದಕ್ಕೆ ಹೋಗುವ ಮನಸ್ಸಿಲ್ಲ. ಮುಚ್ಚಿದ ಕೋಣೆಯಲ್ಲಿ ಕೂಸಿನ ಹಣೆಯಿಂದ ಬೆವರು ಇಳಿದು ಕಣ್ಣಿಗೆ ಹೋಯಿತು. ಅದು ಕಣ್ಣು ತಿಕ್ಕಿತು. ತಲೆ ಎತ್ತಿ, ನಿಂತ ಫ್ಯಾನನ್ನು ನೋಡಿತು. ಆಮೇಲೆ ಮೇಡಮ್ಮನ್ನು ನೋಡಿತು. ಬೆರಳು ಮೇಲಕ್ಕೆ ಮಾಡಿತು.

"ಅಚ್ಚು."

ಮೇಡಂ ಒಂದು ರಟ್ಟು ತೆಗೆದು ತಮ್ಮ ಬಾಯಿಗೆ ಅಡ್ಡ ಹಿಡಿದರು, ತುಟಿ ಕಾಣದಂತೆ. ಸಣ್ಣ ದನಿಯಲ್ಲಿ, "ಏನು ಮಾಡ್ಲಿ?" ಎಂದರು.

ನನ್ನ ಎದೆ ಬಡಿಯುವ ಸದ್ದು ಆ ಕೋಣೆಯಲ್ಲಿ ಕೇಳಿಸಿ ಪರೀಕ್ಷೆ ಕೆಡುತ್ತ‌ದೋ ಎಂದು ಹೆದರಿದೆ.

"ಅಚ್ಚೂ!" ಇಷ್ಟು ದೊಡ್ಡಾಕಿ, ಇಷ್ಟು ಓದಿದಾಕಿ, ಇಷ್ಟೂ ತಿಳಿಯುವುದಿಲ್ಲವೇ ಎನ್ನುವ ಹಾಗೆ.

ಮೇಡಂ ಎದ್ದು ಹೋಗಿ ಫ್ಯಾನ್ ಹಚ್ಚಿದರು. ಮೇಜಿನ ಮೇಲಿನ ಹಾಳೆ ಗಾಳಿಗೆ ಹಾರಿ ಕೆಳಗೆ ಬಿತ್ತು. ಅವರು ಅದನ್ನು ಎತ್ತಿಕೊಳ್ಳಲಿಲ್ಲ. ಕಣ್ಣು ಒರೆಸಿಕೊಂಡು, "ಒಳಗಿನ ಯಂತ್ರ ಬಂಗಾರದಂಗ ಐತಿ ಅಜ್ಜಿ. ಆಸ್ಪತ್ರಿ ಬ್ಯಾಡ, ಏನೂ ಬ್ಯಾಡ. ಹಿಂಗೇ ಕೇಳಸ್ರಿ. ಇಷ್ಟು ದಿನ ತುಂಬಿಕೊಂಡೈತಿ, ಈಗ ಬೇಕಾದಾಗ ಹೊರಗ ತೆಗೀತೈತಿ. ಇನ್ನ ಮ್ಯಾಲ ಎಲ್ಲಾ ಕೇಳೂ ಮುಂಚೆ ಕೊಟ್ಟುಬಿಡಬ್ಯಾಡ್ರಿ" ಎಂದರು.

ನಾಲ್ಕನೇ ಕ್ಲಾಸಿಗೆ ಸಾಲೆ ಬಿಟ್ಟವಳು ನಾನು. ಸಂತೋಷವನ್ನು ಹೇಗೆ ಬರೆಯುತ್ತಾರೋ ಗೊತ್ತಿಲ್ಲ. ಆ ಕೋಣೆಯಲ್ಲಿ ನಾನು ನಕ್ಕೆ. ಸೆರಗು ಬಾಯಿಗೆ ಅಡ್ಡ ಬರಲಿಲ್ಲ, ಹಲ್ಲಿಲ್ಲದ ದವಡೆ ಎಲ್ಲ ಕಾಣುವಂತೆ ನಕ್ಕೆ.

ಮೆಟ್ಟಿಲು ಇಳಿಯುವಾಗ ಸೊಸೆ ಥಟ್ಟನೆ ನಿಂತಳು. "ಅಯ್ಯೋ ಅತ್ತಿ! ಇಷ್ಟು ದಿನ ಎಲ್ಲಾ ರೆಕಾರ್ಡ್ ಮಾಡಿದೆ, ಇವತ್ತ ಮೊಬೈಲ್ ಕೈಯಾಗ ಇದ್ರೂ ಮರೆತೆ ನೋಡ್ರಿ."

"ಮತ್ತ ಅಂತಾಳ ಬಿಡವ್ವಾ. ಇನ್ನ ಬಾಯಿ ಮುಚ್ಚು ಅಂದ್ರೂ ಮುಚ್ಚಂಗಿಲ್ಲ ಆಕಿ."

ಅಷ್ಟರಲ್ಲಿ ಯಜಮಾನರ ಫೋನು. ಕರೆಂಟು ಕೊಡುವ ಭಾಗ ಮಾತ್ರ ಸುಟ್ಟಿದೆಯಂತೆ, ಬೇರೆ ಹಾಕುತ್ತಿದ್ದಾರಂತೆ. ವಿಡಿಯೋ ಇರುವ ಭಾಗಕ್ಕೆ ಒಂದು ಹನಿಯೂ ತಾಗಿಲ್ಲವಂತೆ. "ಎಲ್ಲಾರ ಮುಖ ಅದಾವು! ನನ್ನ ಮುಖಾನೂ ಐತಿ! ಸಾಬರು ನೋಡಿ ನಕ್ಕರು! ಮೇಡಮ್ಮೋರು ಏನಂದ್ರು?" ಎಂದು ಕೂಗಿದರು. ಅಲ್ಲಿಗೇ ಬಂದು ಹೇಳುತ್ತೇನೆ ಎಂದೆ. ಇಂಥದ್ದನ್ನು ಫೋನಿನಲ್ಲಿ ಹೇಳಿ ಮುಗಿಸಿಬಿಡಲು ನನಗೆ ಮನಸ್ಸಾಗಲಿಲ್ಲ.

ಕೌಲ್ ಬಜಾರಿಗೆ ಆಟೋ ಹತ್ತಿದೆವು. ಇನ್ನೊಬ್ಬ ಗಿರಾಕಿ ಸಿಕ್ಕಾರೆಂದು ಆಟೋದವನು ಎಂಜಿನ್ ಆರಿಸಿ, ತಂಬಾಕು ತಿಕ್ಕುತ್ತ ಕೂತಿದ್ದ. ಬಿಸಿಲಿಗೆ ಸೀಟು ಕಾದಿತ್ತು. ನನ್ನ ತೊಡೆಯ ಮೇಲಿನ ಕೂಸು ಸ್ವಲ್ಪ ಹೊತ್ತು ನೋಡಿತು, ಮುಂದಕ್ಕೆ ಬಗ್ಗಿ ಅವನ ಬೆನ್ನಿಗೆ ಅಂಗೈಯಿಂದ ಒಂದು ಏಟು ಹಾಕಿತು.

"ಅಚ್ಚು!"

ಅವನು ತಿರುಗಿ ನೋಡಿದ. ಕಿವಿಯ ಮೇಲಿನ ಯಂತ್ರ ನೋಡಿದ, ನಗು ತಡೆಯಲಾಗದೆ ಬಾಯಿ ಒತ್ತಿಕೊಂಡಿದ್ದ ಸೊಸೆಯನ್ನು ನೋಡಿದ. ತಂಬಾಕು ಕೊಡವಿ, "ಆತ್ರೀ ಸಾವ್ಕಾರ್ತಿ, ಸಿಟ್ಟಾಗಬ್ಯಾಡ್ರಿ, ಹಚ್ಚಿದೆ" ಎಂದು ಗಾಡಿ ಚಾಲೂ ಮಾಡಿದ.